ಜರಡಿಯಲ್ಲಿ ಸಿಕ್ಕ ಚಮಚಗಳು: ಕ್ಯಾಂಟೀನ್ ಕಸ ಗೊಬ್ಬರವಾದ ನನ್ನ ಅನುಭವ

ಮೊದಲ ಸಲ ನಮ್ಮ ಗೊಬ್ಬರವನ್ನು ಜರಡಿ ಹಿಡಿದ ದಿನ 11 ಚಮಚ ಸಿಕ್ಕವು. ಜೊತೆಗೆ ಒಂದು ಫೋರ್ಕ್, ಎರಡು ಬಾಟಲಿ ಮುಚ್ಚಳ. ಹಣ್ಣಿನ ಮೇಲೆ ಅಂಟಿಸಿರುತ್ತಾರಲ್ಲ, ಆ ಚಿಕ್ಕ ಸ್ಟಿಕ್ಕರ್‌ಗಳಂತೂ ಲೆಕ್ಕವೇ ಇಲ್ಲ. ಗೊಬ್ಬರ ಮಾತ್ರ ಚೆನ್ನಾಗಿತ್ತು. ಕಪ್ಪಗೆ, ಉದುರುದುರಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ. ಪಾತ್ರೆ ತೊಳೆಯುವ ಅಕ್ಕ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದರು. "ನಾಲ್ಕು ತಿಂಗಳಿಂದ ಚಮಚದ ಲೆಕ್ಕ ಸಿಗ್ತಿಲ್ಲ ಅಂತ ನನ್ನ ಕೇಳ್ತಿದ್ರಲ್ಲ ಸಾರ್, ಇಲ್ಲಿವೆ ನೋಡಿ" ಎಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ನಾನು ಒಂದು ಕ್ಯಾಂಟೀನಿನ ಉಸ್ತುವಾರಿ ನೋಡಿಕೊಳ್ಳುವವನು. ಮಧ್ಯಾಹ್ನ ಸುಮಾರು 200 ಜನ ಊಟ ಮಾಡುತ್ತಾರೆ. ಕೃಷಿ ಓದಿದವನಲ್ಲ, ಪರಿಸರದ ಭಾಷಣ ಮಾಡುವವನೂ ಅಲ್ಲ. ಮೂರು ವರ್ಷದಿಂದ ನಮ್ಮ ಅಡುಗೆಮನೆಯ ಹಸಿ ಕಸ ಹಿತ್ತಲಲ್ಲೇ ಗೊಬ್ಬರವಾಗುತ್ತಿದೆ ಅಷ್ಟೇ. ಅದನ್ನು ಕೇಳಿ ಹೋಟೆಲ್, ಹಾಸ್ಟೆಲ್, ಕೇಟರಿಂಗ್ ನಡೆಸುವವರು ಬರುತ್ತಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: "ಯಾವ ಮೆಷಿನ್ ತಗೊಂಡ್ರಿ?" ನಾನು ಅವರನ್ನು ಮೊದಲು ಪಾತ್ರೆ ತೊಳೆಯುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ. ಮುಖ ಸಪ್ಪಗಾಗುತ್ತದೆ. ಆದರೆ ನಮ್ಮ ಗೊಬ್ಬರದ ಮುಕ್ಕಾಲು ಪಾಲು ಸಮಸ್ಯೆ ಹುಟ್ಟಿದ್ದೂ ಅಲ್ಲೇ, ಬಗೆಹರಿದದ್ದೂ ಅಲ್ಲೇ.

ಮೊದಲು ತೂಗಿದೆವು

ಶುರುವಿನಲ್ಲಿ ನಮ್ಮಲ್ಲಿ ದಿನಕ್ಕೆ ಎಷ್ಟು ಕಸ ಬರುತ್ತದೆ ಎನ್ನುವುದೇ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ "ಎರಡು ಡ್ರಮ್" ಅನ್ನುತ್ತಿದ್ದೆವು. ಆ ಡ್ರಮ್ಮಿನಲ್ಲಿ ನೀರೆಷ್ಟು, ಗಾಳಿಯೆಷ್ಟು, ಕಾಗದದ ಲೋಟ ಎಷ್ಟು ಅಂತ ಯಾರು ನೋಡಿದ್ದರು? ಮೂಲೆಯಲ್ಲಿ ಬಿದ್ದಿದ್ದ ಹಳೆಯ ತಕ್ಕಡಿಯನ್ನು ಹಿಂಬಾಗಿಲ ಹತ್ತಿರ ಇಟ್ಟು ಎರಡು ವಾರ ತೂಗಿದೆವು. ಬಕೆಟ್ ಮೂರು. ಒಂದಕ್ಕೆ ತರಕಾರಿ ಹೆಚ್ಚುವಾಗ ಬರುವ ಸಿಪ್ಪೆ, ತೊಟ್ಟು, ಬೀಜ. ಇನ್ನೊಂದಕ್ಕೆ ಬೇಯಿಸಿ ಬಡಿಸದೆ ಉಳಿದ ಅಡುಗೆ. ಮೂರನೆಯದಕ್ಕೆ ತಟ್ಟೆಯಲ್ಲಿ ಬಿಟ್ಟ ಎಂಜಲು.

ದಿನಕ್ಕೆ ಸರಾಸರಿ 38 ಕಿಲೋ ಬಂತು. ಸಿಪ್ಪೆ 14, ಎಂಜಲು 11, ಬಡಿಸದೆ ಉಳಿದದ್ದು 13. ನಾನು ಬೆಚ್ಚಿಬಿದ್ದದ್ದು ಈ ಕೊನೆಯ 13 ನೋಡಿ. ಸಿಪ್ಪೆ ಬರಲೇಬೇಕು. ಎಂಜಲು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಆದರೆ ಈ 13 ಕಿಲೋ ನಾವೇ ಕೊಂಡು, ತೊಳೆದು, ಹೆಚ್ಚಿ, ಗ್ಯಾಸ್ ಉರಿಸಿ ಬೇಯಿಸಿ, ಕೊನೆಗೆ ಕೈಯಾರೆ ಎಸೆದದ್ದು. ದಿನದ ಲೆಕ್ಕ ಬಿಡಿಸಿ ನೋಡಿದರೆ ವಾರದ ಕೊನೆಯ ಕೆಲಸದ ದಿನವೇ ಜಾಸ್ತಿ. ಆ ದಿನ ಜನ ಕಡಿಮೆ ಬರುತ್ತಾರೆ, ಆದರೆ ಒಲೆಯ ಮೇಲಿನ ಪಾತ್ರೆ ಮಾತ್ರ ಅದೇ ಗಾತ್ರದ್ದು!

ಅಡುಗೆಯವರ ಜೊತೆ ಕೂತು ಒಂದು ಬದಲಾವಣೆ ಮಾಡಿದೆವು. ಎಲ್ಲವನ್ನೂ ಒಂದೇ ಸಲ ಬೇಯಿಸುವ ಬದಲು ಕೊನೆಯ ಕಾಲು ಭಾಗವನ್ನು ಸಾಲು ನೋಡಿಕೊಂಡು ಒಲೆಗೆ ಇಡುವುದು. ಬಡಿಸುವ ಸೌಟನ್ನೂ ಚಿಕ್ಕದು ಮಾಡಿದೆವು, ಬೇಕಾದವರು ಎರಡನೇ ಸಲ ಬರಲಿ ಅಂತ. ಬಿಸಿಯಾಗಿ, ಚೆನ್ನಾಗಿ ಉಳಿದದ್ದನ್ನು ಆಗಲೇ ಊಟಕ್ಕೆ ಕೊಡುವ ಏರ್ಪಾಡೂ ಆಯಿತು. ಎರಡು ತಿಂಗಳಲ್ಲಿ 38 ಕಿಲೋ 25ಕ್ಕೆ ಇಳಿಯಿತು. ಇನ್ನೂ ಒಂದು ಚಮಚ ಗೊಬ್ಬರ ಮಾಡಿರಲಿಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಹೊರತಂದ ಲೆಕ್ಕದಲ್ಲಿ 2022ನೇ ವರ್ಷಕ್ಕೆ ಪ್ರಪಂಚದಾದ್ಯಂತ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್. ಅದರಲ್ಲಿ ಶೇ. 60 ಮನೆಗಳದು, ಶೇ. 28 ನಮ್ಮಂಥ ಬೇಯಿಸಿ ಬಡಿಸುವ ಜಾಗಗಳದು. ಆ ದೊಡ್ಡ ಸಂಖ್ಯೆ ನನ್ನ ತಲೆಗೆ ಇಳಿಯಲಿಲ್ಲ, ನಿಜ ಹೇಳಬೇಕೆಂದರೆ. 13 ಕಿಲೋ ಇಳಿಯಿತು. ಅದನ್ನು ಎತ್ತಿ ಸುರಿದದ್ದು ನನ್ನ ಕೈ.

ಈ ತೂಕದಿಂದ ಇನ್ನೊಂದು ಲಾಭ. 38 ಕಿಲೋಗೆ ಲೆಕ್ಕ ಹಾಕಿ ಪೆಟ್ಟಿಗೆ ಕಟ್ಟಿಸಿದ್ದರೆ ಮೂರರಲ್ಲೊಂದು ಪಾಲು ಜಾಗ ಸುಮ್ನೆ ಖಾಲಿ ಬೀಳುತ್ತಿತ್ತು. ಮೆಷಿನ್ ಮಾರುವವರು ಕೇಳುವುದು ಈಗ ಎಷ್ಟು ಕಸ ಬರುತ್ತದೆ ಅಂತ. ಎಷ್ಟಕ್ಕೆ ಇಳಿಸಬಹುದು ಅಂತ ಅವರು ಯಾಕೆ ಕೇಳುತ್ತಾರೆ, ಅಲ್ವಾ?

ಪಾತ್ರೆ ತೊಳೆಯುವ ಜಾಗ

ಮಧ್ಯಾಹ್ನ ಒಂದೂವರೆ ಗಂಟೆಗೆ ನಮ್ಮ ಸಿಂಕಿನ ಹತ್ತಿರ ನಿಂತು ನೋಡಬೇಕು. ಅರ್ಧ ಗಂಟೆಯಲ್ಲಿ 100ಕ್ಕೂ ಜಾಸ್ತಿ ತಟ್ಟೆ ಬರುತ್ತವೆ. ಒಂದೊಂದು ತಟ್ಟೆಯಲ್ಲೂ ಎಂಜಲಿನ ಜೊತೆ ಟಿಶ್ಯೂ, ಟೂತ್‌ಪಿಕ್, ಸಾಸ್ ಪೊಟ್ಟಣ, ಚಮಚ. ತೊಳೆಯುವವರ ಕೈಗೆ ಒಂದು ತಟ್ಟೆ ಬಳಿಯಲು ಸಿಗುವುದು ಕೆಲವೇ ಸೆಕೆಂಡ್. ಅಷ್ಟರಲ್ಲಿ ಟಿಶ್ಯೂ ಅಲ್ಲಿಗೆ, ಪೊಟ್ಟಣ ಇಲ್ಲಿಗೆ, ಅನ್ನ ಇನ್ನೊಂದೆಡೆಗೆ ಅಂತ ಮಾಡು ಎಂದರೆ ಯಾರಿಂದ ಆಗುತ್ತದೆ? ನಾನು ಅದನ್ನೇ ಮಾಡು ಎಂದಿದ್ದೆ. ಗೋಡೆಗೆ ಬಣ್ಣಬಣ್ಣದ ಪೋಸ್ಟರ್ ಅಂಟಿಸಿ, ಹಸಿರು ಡಬ್ಬಿ, ನೀಲಿ ಡಬ್ಬಿ ಇಟ್ಟು, ಒಂದು ಸಭೆ ಮಾಡಿ ಕೈ ತೊಳೆದುಕೊಂಡಿದ್ದೆ. ತಿಪ್ಪೆ ಸಾರಿಸುವುದು ಅನ್ನುತ್ತಾರಲ್ಲ, ಅದು.

ಚಮಚ ಸಿಕ್ಕ ಮರುದಿನ ನಾನೇ ಒಂದು ಗಂಟೆ ಅಲ್ಲಿ ನಿಂತು ತಟ್ಟೆ ಬಳಿದೆ. ಹಸಿ ಕಸದ ಡಬ್ಬಿ ಇದ್ದದ್ದು ಸಿಂಕಿನ ಎಡಕ್ಕೆ, ಒಂದು ಹೆಜ್ಜೆ ಆಚೆ. ಒಣ ಕಸದ ಡಬ್ಬಿ ಬೆನ್ನ ಹಿಂದೆ. ಹಿಂದಕ್ಕೆ ತಿರುಗುವಷ್ಟರಲ್ಲಿ ಇನ್ನೆರಡು ತಟ್ಟೆ ಬಂದು ಕೂತಿರುತ್ತವೆ. ಹತ್ತು ನಿಮಿಷದಲ್ಲಿ ನಾನೂ ಟಿಶ್ಯೂವನ್ನು ಹಸಿ ಕಸಕ್ಕೇ ತಳ್ಳಲು ಶುರು ಮಾಡಿದ್ದೆ! ಯಾರೂ ನೋಡುತ್ತಿಲ್ಲವಾ ಅಂತ ಆಚೀಚೆ ಕಣ್ಣು ಹಾಯಿಸಿ.

ಆಮೇಲೆ ಅಕ್ಕನನ್ನೇ ಕೇಳಿದೆ, ಹೇಗಿದ್ದರೆ ಸಲೀಸು ಅಂತ. ಅವರು ಹೇಳಿದಂತೆ ತಟ್ಟೆ ತಂದಿಡುವ ಕಟ್ಟೆಯನ್ನೇ ಬದಲಾಯಿಸಿದೆವು. ಈಗ ಊಟ ಮುಗಿಸಿದವರು ಬರುವ ದಾರಿಯಲ್ಲಿ ಮೊದಲು ಚಮಚ ಹಾಕುವ ನೀರಿನ ಟಬ್ ಸಿಗುತ್ತದೆ. ಆಮೇಲೆ ಟಿಶ್ಯೂ ಮತ್ತು ಪೊಟ್ಟಣಕ್ಕೆ ಒಂದು ಡಬ್ಬಿ. ಕೊನೆಗೆ ಎಂಜಲು. ಎಂಜಲಿನ ಬಕೆಟ್ಟಿನ ಮೇಲೆ ಅಗಲವಾದ ರಂಧ್ರಗಳ ಒಂದು ಸ್ಟೀಲ್ ಜಾಲರಿ ಕೂರಿಸಿದೆವು. ಅನ್ನ, ಪಲ್ಯ ಕೆಳಗೆ ಇಳಿಯುತ್ತದೆ, ಚಮಚ ಮೇಲೇ ನಿಲ್ಲುತ್ತದೆ. ಜಾಲರಿ ಅಕ್ಕನ ಉಪಾಯ. ಎರಡನೇ ಜರಡಿಗೆ ಸಿಕ್ಕ ಚಮಚ 3.

ಬಕೆಟ್ ಬಗ್ಗೆ ಒಂದು ಮಾತು. ಮೊದಲು 60 ಲೀಟರಿನ ಡ್ರಮ್ ಇಟ್ಟಿದ್ದೆವು, ಪದೇಪದೇ ಖಾಲಿ ಮಾಡುವ ರಗಳೆ ಬೇಡ ಅಂತ. ಹಸಿ ಕಸದ ಭಾರ ನೋಡಲು ಕಾಣುವುದಿಲ್ಲ. ತುಂಬಿದ ಡ್ರಮ್ ಎತ್ತಲು ಹೋಗಿ ಒಬ್ಬ ಹುಡುಗ ಸೊಂಟ ಹಿಡಿಸಿಕೊಂಡ. ಈಗ ಇರುವುದು 20 ಲೀಟರಿನ ಬಕೆಟ್. ತುಂಬಿದರೆ ಸುಮಾರು 12 ಕಿಲೋ, ಯಾರು ಬೇಕಾದರೂ ಎತ್ತಬಹುದು. ಒಳಗೆ ಚೀಲ ಹಾಕುವುದಿಲ್ಲ. ತಳಕ್ಕೆ ಎರಡು ಹಿಡಿ ಮರದ ಹೊಟ್ಟು ಉದುರಿಸಿದರೆ ಅಂಟುವುದಿಲ್ಲ, ತೊಳೆಯುವುದೂ ಸುಲಭ.

ಸ್ಟಿಕ್ಕರ್‌ಗೆ ಮಾತ್ರ ಇವತ್ತಿಗೂ ಪೂರ್ತಿ ಪರಿಹಾರ ಸಿಕ್ಕಿಲ್ಲ. ಹಣ್ಣು ತೊಳೆಯುವಾಗಲೇ ಕಿತ್ತು ಗೋಡೆಗೆ ನೇತುಹಾಕಿದ ಒಂದು ರಟ್ಟಿಗೆ ಅಂಟಿಸುತ್ತಾರೆ. ರಟ್ಟು ತುಂಬಿದರೆ ಒಣ ಕಸಕ್ಕೆ. ಆದರೂ ನುಸುಳುತ್ತವೆ.

24 ಗಂಟೆಯ ಮೆಷಿನ್

ಮೆಷಿನ್ ವಿಷಯ ಬಿಡಲಾಗುವುದಿಲ್ಲ. ಶುರುವಿನಲ್ಲಿ ನಾವೂ ಒಂದು ತಿಂಗಳು ಪರೀಕ್ಷೆಗೆ ಅಂತ ತರಿಸಿದ್ದೆವು. ಮಾರುವವರು ಹೇಳಿದ್ದು, "24 ಗಂಟೆಯಲ್ಲಿ ಗೊಬ್ಬರ ರೆಡಿ ಸಾರ್." ಸಂಜೆ 25 ಕಿಲೋ ಹಸಿ ಕಸ ಹಾಕಿದರೆ ಮರುದಿನ ಐದಾರು ಕಿಲೋ ಕಂದು ಬಣ್ಣದ ಪುಡಿ. ಹುರಿದ ವಾಸನೆ. ನೋಡಿದವರೆಲ್ಲ ಭೇಷ್ ಎಂದರು.

ಆ ಪುಡಿಯನ್ನು ನಾಲ್ಕು ಹೂಕುಂಡಕ್ಕೆ ಹಾಕಿ ನೀರು ಬಿಟ್ಟೆ. ಮೂರನೇ ದಿನಕ್ಕೆ ಮಣ್ಣಿನ ಮೇಲೆ ಬಿಳಿ ಬೂಷ್ಟು. ಐದನೇ ದಿನಕ್ಕೆ ಹುಳಿ ನಾತ. ಎರಡು ವಾರಕ್ಕೆ ಎಲೆಗಳು ಹಳದಿ ತಿರುಗಿದವು. ಆಗ ಅರ್ಥವಾಯಿತು ಏನಾಗುತ್ತಿದೆ ಅಂತ. ಅಡುಗೆಮನೆ ಕಸದಲ್ಲಿ ನೂರಕ್ಕೆ 70–80 ಭಾಗ ನೀರೇ. ಮೆಷಿನ್ ಬಿಸಿ ಮಾಡಿ ನೀರು ತೆಗೆಯುತ್ತದೆ, ಅರೆಯುತ್ತದೆ. ಕೊಳೆತು ಮಣ್ಣಾಗುವ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ. ನೀರು ಸಿಕ್ಕಿದ ಕೂಡಲೇ ಅದು ಮತ್ತೆ ಎಂಜಲಾಗುತ್ತದೆ. ಕುಂಡದೊಳಗೇ ಕೊಳೆಯಲು ಶುರುವಾಗಿ ಬೇರಿಗೆ ಬೇಕಾದ ಗಾಳಿಯನ್ನೂ ಸಾರಜನಕವನ್ನೂ ಎಳೆದುಕೊಳ್ಳುತ್ತದೆ.

ಮೆಷಿನ್ ದಂಡ ಅಂತ ನಾನು ಹೇಳುವುದಿಲ್ಲ. ಒಂದು ಅಡಿ ಹಿತ್ತಲೂ ಇಲ್ಲದ ಕಡೆ, ಕಸದ ಗಾಡಿ ವಾರಕ್ಕೆ ಒಂದೇ ಸಲ ಬರುವ ಕಡೆ ಅದು ಉಪಯೋಗಕ್ಕೆ ಬರಬಹುದು. ಭಾರ ಇಳಿಯುತ್ತದೆ, ನೊಣ ಬರುವುದಿಲ್ಲ, ಪುಡಿಯನ್ನು ಆಮೇಲೆ ಗೊಬ್ಬರ ಮಾಡುವವರಿಗೆ ಕೊಡಬಹುದು. ಒಣಗಿಸುವ ಯಂತ್ರ ಅಂತ ಕರೆದು ಮಾರಿದರೆ ನನ್ನ ತಕರಾರಿಲ್ಲ. ಕರೆಂಟಿನ ಮೀಟರ್ ನೋಡಿಕೊಂಡೇ ನಿರ್ಧಾರ ಮಾಡಿ. ನಾವು ತಿಂಗಳು ಮುಗಿದ ದಿನವೇ ವಾಪಸ್ ಕಳಿಸಿದೆವು.

ಗುಡ್ಡೆ ಬಿಸಿಯಾಗಲಿಲ್ಲ

ಹಿತ್ತಲಲ್ಲಿ ಮರದ ಪಟ್ಟಿಗಳಿಂದ ನಾಲ್ಕು ಪೆಟ್ಟಿಗೆ ಮಾಡಿಸಿದೆವು. ಒಂದೊಂದೂ ಉದ್ದ, ಅಗಲ, ಎತ್ತರ ಒಂದು ಮೀಟರ್. ಇದಕ್ಕಿಂತ ಚಿಕ್ಕದಾದರೆ ಒಳಗಿನ ಬಿಸಿ ನಿಲ್ಲುವುದಿಲ್ಲ, ಹೊರಗಿನ ಗಾಳಿಗೆ ಆರಿಹೋಗುತ್ತದೆ. ಮೇಲೆ ಮಳೆ ಬೀಳದಂತೆ ತಗಡು. ಕೆಳಗೂ ಸುತ್ತಲೂ 6 ಮಿಲಿಮೀಟರ್ ಕಣ್ಣಿನ ತಂತಿ ಬಲೆ, ಇಲಿ ನುಗ್ಗದಿರಲಿ ಅಂತ. ಇಲಿಮರಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ಈ ಬಲೆಗೆ ಮಾತ್ರ ಜಿಪುಣತನ ಮಾಡಬೇಡಿ.

ಮೊದಲ ಪೆಟ್ಟಿಗೆಯನ್ನು ನಾನು ಬರೀ ಅಡುಗೆಮನೆ ಕಸದಿಂದಲೇ ತುಂಬಿಸಿದೆ. ಗೊಬ್ಬರ ಆಗಬೇಕಾದ್ದು ಅದೇ ತಾನೆ ಅನ್ನುವ ಲೆಕ್ಕ. ಆರನೇ ದಿನ ಮೇಲಿನ ಮಹಡಿಯವರು ಕಿಟಕಿ ಮುಚ್ಚಿದರು. ಎಂಟನೇ ದಿನ ಫೋನ್ ಬಂತು. ಪೆಟ್ಟಿಗೆಯ ಕೆಳಗಿಂದ ಕಪ್ಪು ನೀರು ಹರಿದು ನೆಲದ ಮೇಲೆ ನಕಾಶೆ ಬರೆದಿತ್ತು. ಕೊಳೆತ ಮೊಟ್ಟೆಯ ನಾತ. ಕೈ ಹಾಕಿದರೆ ತಣ್ಣಗೆ, ಜಿಗುಟು ಜಿಗುಟು.

ಕಾರಣ ಸರಳ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಒದ್ದೆ ಕಸ ಒಂದರ ಮೇಲೊಂದು ಕುಸಿದು ಮುದ್ದೆಯಾದರೆ ಒಳಗೆ ಗಾಳಿ ಹೋಗುವುದಿಲ್ಲ. ಆಗ ಗಾಳಿ ಬೇಡದ ಇನ್ನೊಂದು ಜಾತಿ ಕೆಲಸಕ್ಕಿಳಿಯುತ್ತದೆ. ನಾತವೂ ಅವುಗಳದೇ, ಮೀಥೇನ್ ಅನಿಲವೂ ಅವುಗಳದೇ. ಕಸದ ರಾಶಿಗಳಿಂದ ಏಳುವ ಮೀಥೇನ್ 100 ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜಾಸ್ತಿ ಭೂಮಿಯನ್ನು ಬಿಸಿ ಮಾಡುತ್ತದೆ. ಅದನ್ನು ತಪ್ಪಿಸೋಣ ಅಂತ ಹೊರಟ ನಾನು ಹಿತ್ತಲಲ್ಲೇ ಒಂದು ಚಿಕ್ಕ ಕಸದ ರಾಶಿ ಕಟ್ಟಿ ಕೂತಿದ್ದೆ.

ಇನ್ನೊಂದು ಕಾರಣ ಇಂಗಾಲ ಮತ್ತು ಸಾರಜನಕದ ಹೊಂದಾಣಿಕೆ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಗುಡ್ಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಡುಗೆಮನೆ ಕಸದಲ್ಲಿ ಇಂಗಾಲ ಸಾಲದು, ಅದು ಹೆಚ್ಚೆಂದರೆ 15–20 ಪಾಲು. ತರಗೆಲೆಯಲ್ಲಿ 40ರಿಂದ 80. ಮರದ ಹೊಟ್ಟು, ರಟ್ಟಿನಲ್ಲಿ ನೂರಾರು. ಅಂದರೆ ಒಣ ಸಾಮಾನು ಬೆರೆಸಲೇಬೇಕು. ಅಡುಗೆಮನೆಯಲ್ಲಿ ನಿಂತು ಈ ಲೆಕ್ಕ ಹಾಕುತ್ತಾ ಕೂರಲು ಆಗುವುದಿಲ್ಲ, ಅದಕ್ಕೆ ಬಕೆಟ್ ಲೆಕ್ಕ ಮಾಡಿಕೊಂಡೆವು: ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣದ್ದು. ಮಳೆಗಾಲದಲ್ಲಿ ಎರಡೂವರೆ.

ಒಣದ್ದರಲ್ಲೂ ಬರೀ ನಯವಾದ ಹೊಟ್ಟು ಹಾಕಿ ಒಮ್ಮೆ ಕೆಟ್ಟೆವು. ಹೊಟ್ಟು ನೀರು ಹೀರಿಕೊಂಡು ಹಿಟ್ಟಿನ ಮುದ್ದೆಯಂತೆ ಗಟ್ಟಿಯಾಗುತ್ತದೆ. ಗಾಳಿ ಆಡಲು ದಪ್ಪ ಚೂರು ಬೇಕು. ಮರಗೆಲಸದವರ ಹತ್ತಿರ ಸಿಗುವ ಸುರುಳಿ ಸಿಪ್ಪೆ, ಕೊಂಬೆ ಕತ್ತರಿಸಿದ ಬೆರಳುದ್ದದ ಚೂರು, ಹರಿದ ರಟ್ಟು, ತರಗೆಲೆ ಎಲ್ಲ ಸೇರಿಸಿದರೆ ಸರಿಹೋಗುತ್ತದೆ. ಬಣ್ಣ ಹೊಡೆದ ಮರ, ಪ್ಲೈವುಡ್ ಪುಡಿ ಮಾತ್ರ ಬೇಡವೇ ಬೇಡ. ಅದರಲ್ಲಿ ಅಂಟು, ರಾಸಾಯನಿಕ ಇರುತ್ತದೆ.

ಗೊಬ್ಬರ ಮಾಡಲು ಹೊರಟವರಿಗೆಲ್ಲ ಹಸಿ ಕಸದ ಚಿಂತೆ. ನಮಗೆ ಕಾಡಿದ್ದು ಒಣದ್ದರ ಕೊರತೆ. ದಿನಕ್ಕೆ ಎರಡು ಬಕೆಟ್ ಹಸಿ ಅಂದರೆ ನಾಲ್ಕು ಬಕೆಟ್ ಒಣದ್ದು, ಅಂದರೆ 80 ಲೀಟರ್. ತಿಂಗಳಿಗೆ 2000 ಲೀಟರಿನ ಮೇಲೆ! ಎಲೆ ಉದುರುವ ಕಾಲದಲ್ಲಿ ಬೇಕಾದಷ್ಟು ಸಿಗುತ್ತದೆ, ಆಮೇಲೆ ಆರು ತಿಂಗಳು ಪರದಾಟ. ಈಗ ಪೆಟ್ಟಿಗೆಗಳ ಪಕ್ಕ ಒಣ ಎಲೆಗೆಂದೇ ಒಂದು ದೊಡ್ಡ ಗೂಡು ಇದೆ. ಅದು ಅರ್ಧಕ್ಕಿಂತ ಕೆಳಗೆ ಇಳಿದರೆ ನನಗೆ ನಿದ್ದೆ ಬರುವುದಿಲ್ಲ.

ಬಿಸಿ

ಒಣದ್ದು ಬೆರೆಸಿ ಮತ್ತೆ ಕಟ್ಟಿದ ಪೆಟ್ಟಿಗೆ ಮೂರನೇ ದಿನ ಬೆಚ್ಚಗಾಯಿತು. ಐದನೇ ದಿನ ಬೆಳಗ್ಗೆ ಮುಚ್ಚಳ ತೆಗೆದು ಗುದ್ದಲಿಯಿಂದ ಒಂದು ಬದಿ ಎಳೆದರೆ ಒಳಗಿಂದ ಬುಸ್ಸೆಂದು ಹಬೆ ಎದ್ದಿತು. ಕನ್ನಡಕ ಮಂಜಾಯಿತು. ಉದ್ದ ಕಡ್ಡಿಯ ಥರ್ಮಾಮೀಟರ್ ಚುಚ್ಚಿದರೆ ಮುಳ್ಳು ಮೆಲ್ಲಗೆ ಏರುತ್ತಾ ಹೋಗಿ 62 ಡಿಗ್ರಿಯಲ್ಲಿ ನಿಂತಿತು. ಅಡುಗೆಯವರು ಕೆಲಸ ಬಿಟ್ಟು ನೋಡಲು ಬಂದರು. ಬೆಂಕಿಯಿಲ್ಲದೆ ಬೇಯುತ್ತಿದೆ ಅನ್ನುವುದು ಅವರಿಗೆ ಬಹಳ ಹಿಡಿಸಿತು.

ಈ ಬಿಸಿ ಬರೀ ತಮಾಷೆಯಲ್ಲ. ಎಂಜಲಿನಲ್ಲಿ ರೋಗಾಣು ಇರಬಹುದು, ಹಣ್ಣು ತರಕಾರಿಯ ಬೀಜಗಳಂತೂ ಇದ್ದೇ ಇರುತ್ತವೆ. ಮುಚ್ಚಿದ ಪಾತ್ರೆಯಂಥ ವ್ಯವಸ್ಥೆಯಲ್ಲಾದರೆ 55 ಡಿಗ್ರಿಗಿಂತ ಮೇಲೆ ಸತತ 3 ದಿನ, ತೆರೆದ ಗುಡ್ಡೆಯನ್ನು ಮಗುಚಿ ಮಾಡುವುದಾದರೆ 15 ದಿನ ಮತ್ತು ಅಷ್ಟರಲ್ಲಿ 5 ಸಲ ಮಗುಚುವುದು ಅಂತ ಅಳತೆ ಇದೆ. ಮಗುಚುವುದು ಯಾಕೆಂದರೆ ಹೊರಗಿನ ತಣ್ಣನೆಯ ಪದರವೂ ಒಂದಲ್ಲ ಒಂದು ಸಲ ಒಳಗಿನ ಬಿಸಿಗೆ ಹೋಗಬೇಕು. ನಾವು ಎರಡನೆಯದನ್ನೇ ಪಾಲಿಸುತ್ತೇವೆ. 70 ಡಿಗ್ರಿ ದಾಟಿದರೆ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುತ್ತವೆ. ಆಗ ಮಗುಚಿ, ಬೇಕಾದರೆ ನೀರು ಚಿಮುಕಿಸಿ ಇಳಿಸಬೇಕು.

ತೇವ ನೋಡಲು ಕೈಯೇ ಸಾಕು. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದರೆ ಬೆರಳ ಸಂದಿನಲ್ಲಿ ಒಂದೆರಡು ಹನಿ ಕಾಣಬೇಕು. ಧಾರೆ ಸುರಿದರೆ ಒಣದ್ದು ಬೇಕು, ಹನಿಯೂ ಇಲ್ಲದೆ ಉದುರಿದರೆ ನೀರು ಬೇಕು. ಮೂಗನ್ನೂ ನಂಬಬಹುದು. ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಜಾಸ್ತಿ, ಒಣದ್ದು ಹಾಕಿ. ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಇಲ್ಲ, ಮಗುಚಿ. ಹುಳಿ ವಾಸನೆ ನಮಗೆ ತುಂಬ ದಿನ ಅರ್ಥವಾಗಿರಲಿಲ್ಲ. ಬೇಯಿಸಿದ ಅನ್ನ, ಬ್ರೆಡ್ ಜಾಸ್ತಿ ಬಿದ್ದ ದಿನ ಗುಡ್ಡೆ ಹುಳಿ ಹಿಡಿದು 40 ಡಿಗ್ರಿಯ ಆಸುಪಾಸಿನಲ್ಲೇ ನಿಂತುಬಿಡುತ್ತಿತ್ತು. ಮೊದಮೊದಲು ಕೊಳೆಯುವಾಗ ಹುಟ್ಟುವ ಆಮ್ಲಗಳು ಬಿಸಿ ಏರಿಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತವೆ. ಈಗ ಪ್ರತಿ ಹೊಸ ಪೆಟ್ಟಿಗೆಗೂ ಹಳೆಯ ಗೊಬ್ಬರ ಎರಡು ಬಕೆಟ್ ಬೆರೆಸುತ್ತೇವೆ. ಹೆಪ್ಪು ಹಾಕಿದ ಹಾಗೆ. ಆ ತೊಂದರೆ ಬಹುಮಟ್ಟಿಗೆ ಹೋಯಿತು.

ಮಾಂಸ, ಮೂಳೆ, ಎಣ್ಣೆ ಕೇಳುತ್ತಾರೆ. ಗುಡ್ಡೆ 55 ದಾಟಿ ಬಿಸಿಯಾಗಿದ್ದರೆ ಸ್ವಲ್ಪ ಮಾಂಸ ಮಧ್ಯದಲ್ಲಿ ಹೂತರೆ ಕರಗುತ್ತದೆ. ದೊಡ್ಡ ಮೂಳೆ ಕರಗುವುದಿಲ್ಲ. ಕರಿದ ಎಣ್ಣೆ ಪೆಟ್ಟಿಗೆಗೆ ಬರಬಾರದು, ಅದಕ್ಕೆ ಬೇರೆ ಡಬ್ಬ, ಬೇರೆ ದಾರಿ. ಸಾರಿನಂಥ ನೀರಾದದ್ದನ್ನು ಸೋಸಿ ಗಟ್ಟಿ ಭಾಗ ಮಾತ್ರ ಹಾಕುತ್ತೇವೆ. ಇದರಿಂದ ಉಪ್ಪೂ ಕಡಿಮೆಯಾಗುತ್ತದೆ.

ಎರೆಹುಳವನ್ನೂ ಒಮ್ಮೆ ಪ್ರಯತ್ನಿಸಿದೆ. ಬಿಸಿ ಆರದ ಗುಡ್ಡೆಗೆ ಬಿಟ್ಟೆ. 35 ಡಿಗ್ರಿ ದಾಟಿದರೆ ಅವು ಬದುಕುವುದಿಲ್ಲ ಅಂತ ಆಮೇಲೆ ತಿಳಿಯಿತು. ಆ ಪಾಪ ನನ್ನದೇ.

ಹುಳ ಕಂಡಾಗ

ಎರಡನೇ ವರ್ಷ ಒಂದು ಬೆಳಗ್ಗೆ ಪೆಟ್ಟಿಗೆ ತೆರೆದ ಹುಡುಗ ಗುದ್ದಲಿ ಎಸೆದು ಓಡಿ ಬಂದ. ಬೂದು ಬಣ್ಣದ, ದಪ್ಪ ಚರ್ಮದ ನೂರಾರು ಹುಳ ಮೇಲ್ಪದರದಲ್ಲಿ ಕುದಿಯುವ ಅನ್ನದಂತೆ ಅಲ್ಲಾಡುತ್ತಿದ್ದವು. "ಇದನ್ನ ನಾನು ಮುಟ್ಟಲ್ಲ" ಎಂದ. ನನಗೂ ಮೈ ಜುಮ್ಮೆಂದಿತು. ಅವು ಬ್ಲ್ಯಾಕ್ ಸೋಲ್ಜರ್ ಫ್ಲೈ ಅನ್ನುವ ನೊಣದ ಮರಿಗಳು. ಹುಳವಾಗಿದ್ದಾಗ ಎಂಜಲನ್ನು ರಾಕ್ಷಸರಂತೆ ತಿನ್ನುತ್ತವೆ. ದೊಡ್ಡ ನೊಣ ಕಚ್ಚುವುದಿಲ್ಲ, ಮನೆನೊಣದ ಹಾಗೆ ಊಟದ ಮೇಲೆ ಬಂದು ಕೂರುವ ಚಾಳಿಯೂ ಇಲ್ಲ. ಇದನ್ನೇ ಸಾಕಿ ಕೋಳಿಗೆ, ಮೀನಿಗೆ ಆಹಾರ ಮಾಡುವ ಉದ್ಯಮಗಳೂ ಇವೆ. ನಮಗೆ ಅದು ಹೇಳಿದ ಸುದ್ದಿ ಬೇರೆ: ಮೇಲ್ಪದರ ಒದ್ದೆಯಾಗಿದೆ, ಎಂಜಲು ತೆರೆದುಕೊಂಡಿದೆ. ನಾಲ್ಕು ಬೆರಳು ದಪ್ಪ ಒಣ ಎಲೆ ಮುಚ್ಚಿದೆವು. ವಾರದಲ್ಲಿ ಕಾಣೆಯಾದವು.

ಗೊಬ್ಬರವಾಗುತ್ತೆ ಅಂದ ಲೋಟ

ಒಂದು ದೊಡ್ಡ ಸಮಾರಂಭದ ಊಟಕ್ಕೆ "ಕಾಂಪೋಸ್ಟ್ ಆಗುವ" ಲೋಟ, ಚಮಚ ತರಿಸಿದ್ದೆವು. ನೋಡಲು ಪ್ಲಾಸ್ಟಿಕ್, ಮಾಡಿದ್ದು ಮೆಕ್ಕೆಜೋಳದ ಪಿಷ್ಟದಿಂದ ಅಂತ ಬರೆದಿತ್ತು. ಎಲ್ಲವನ್ನೂ ಸಂತೋಷದಿಂದ ಪೆಟ್ಟಿಗೆಗೆ ಸುರಿದೆವು. ನಾಲ್ಕು ತಿಂಗಳ ಮೇಲೆ ಜರಡಿಯಲ್ಲಿ ಚಮಚಗಳು ಹಾಗೇ ಕೂತಿದ್ದವು. ಸ್ವಲ್ಪ ಸೊಟ್ಟಗಾಗಿದ್ದವು ಅಷ್ಟೇ.

ಆ ಸರಕಿನ ಮೇಲಿದ್ದ ಇಎನ್ 13432 ಎಂಬ ಯುರೋಪಿನ ಮಾನದಂಡವನ್ನು ಆಗ ಕೂತು ಓದಿದೆ. ಅದು ದೊಡ್ಡ ಕಾರ್ಖಾನೆಯ ಗೊಬ್ಬರಕ್ಕೆ ಬರೆದದ್ದು. 12 ವಾರದಲ್ಲಿ ಚೂರುಚೂರಾಗಿ 2 ಮಿಲಿಮೀಟರಿಗಿಂತ ದೊಡ್ಡದು ಶೇ. 10ಕ್ಕಿಂತ ಜಾಸ್ತಿ ಉಳಿಯಬಾರದು, 6 ತಿಂಗಳೊಳಗೆ ಶೇ. 90 ಜೈವಿಕವಾಗಿ ಕರಗಬೇಕು ಎನ್ನುತ್ತದೆ. ಆದರೆ ಆ ಪರೀಕ್ಷೆ ನಡೆಯುವುದು 58 ಡಿಗ್ರಿಯ ಆಸುಪಾಸಿನ ಬಿಸಿ ವಾರಗಟ್ಟಲೆ ನಿಂತಾಗ. ನಮ್ಮ ಪೆಟ್ಟಿಗೆ ಎರಡು ವಾರ ಬಿಸಿಯಿದ್ದು ಇಳಿಯುತ್ತದೆ. ಸುಳ್ಳು ಹೇಳಿರಲಿಲ್ಲ ಅವರು, ಅರ್ಧ ಹೇಳಿದ್ದರು. ಇನ್ನೂ ಒಂದು ಪೇಚು: ಈ ಚಮಚವೂ ಸಾದಾ ಪ್ಲಾಸ್ಟಿಕ್ ಚಮಚವೂ ಪಕ್ಕಪಕ್ಕ ಇಟ್ಟರೆ ಅಕ್ಕನಿಗೆ ಗುರುತು ಹತ್ತುವುದು ಹೇಗೆ? ಈಗ ಸ್ಟೀಲಿನದೇ ಬಳಸುತ್ತೇವೆ. ಕಳೆದರೆ ಜರಡಿಯಲ್ಲಿ ಸಿಗುತ್ತದೆ!

ಮಾಗುವ ಕಾಲ

ಒಂದು ಪೆಟ್ಟಿಗೆ ತುಂಬಲು ನಮಗೆ 10–12 ದಿನ. ನಾಲ್ಕೂ ತುಂಬುವಷ್ಟರಲ್ಲಿ ಮೊದಲನೆಯದು ಬಿಸಿ ಇಳಿದು, ಅರ್ಧದಷ್ಟು ಕುಗ್ಗಿ, ಖಾಲಿ ಮಾಡಲು ಸಿದ್ಧ. ಅಲ್ಲಿಂದ ತೆಗೆದದ್ದನ್ನು ಮೂಲೆಯಲ್ಲಿ ರಾಶಿ ಹಾಕಿ ಇನ್ನೂ ಎರಡು ತಿಂಗಳು ಸುಮ್ಮನೆ ಬಿಡುತ್ತೇವೆ. ಎಲ್ಲರೂ ಅವಸರ ಮಾಡುವುದು ಇಲ್ಲಿ. ಕಪ್ಪಗಾಯಿತಲ್ಲ, ಗಿಡಕ್ಕೆ ಹಾಕೋಣ ಅಂತ. ಹಸಿ ಗೊಬ್ಬರ ಸಸಿಯನ್ನು ಸುಡುತ್ತದೆ.

ಮಾಗಿದೆಯಾ ಅಂತ ನೋಡಲು ಎರಡು ಪರೀಕ್ಷೆ. ಒದ್ದೆ ಗೊಬ್ಬರವನ್ನು ಬಿಗಿಯಾಗಿ ಮುಚ್ಚುವ ಚೀಲದಲ್ಲಿ ಹಾಕಿ ಮೂರು ದಿನ ಬಿಡಿ. ತೆರೆದಾಗ ಮಣ್ಣಿನ ವಾಸನೆ ಬಂದರೆ ಸರಿ, ನಾತ ಹೊಡೆದರೆ ಇನ್ನೂ ಸಮಯ ಬೇಕು. ಇನ್ನೊಂದು, ಮೂಲಂಗಿ ಬೀಜ. ಒಂದು ತಟ್ಟೆಯಲ್ಲಿ ಗೊಬ್ಬರ ಬೆರೆಸಿದ ಮಣ್ಣು, ಇನ್ನೊಂದರಲ್ಲಿ ಬರೀ ಮಣ್ಣು. ಎರಡರಲ್ಲೂ ಹತ್ತು ಹತ್ತು ಬೀಜ. ಎರಡೂ ಕಡೆ ಒಂದೇ ಸಮ ಮೊಳೆತರೆ ಗೊಬ್ಬರ ಆಗಿದೆ. ನಮ್ಮ ಅಡುಗೆಯವರು ಈ ಮೊಳಕೆಗೆ ಪಂದ್ಯ ಕಟ್ಟುತ್ತಾರೆ.

ಇದಕ್ಕೆಲ್ಲ ದಿನಕ್ಕೆ ಒಬ್ಬರ 40 ನಿಮಿಷ ಬೇಕು. ಮಗುಚುವ ದಿನ ಇಬ್ಬರ ಒಂದು ಗಂಟೆ. ಇದನ್ನು ಮೊದಲು ಕೆಲಸದ ಪಟ್ಟಿಗೆ ಸೇರಿಸದೆ "ಬಿಡುವಾದಾಗ ಮಾಡಿ" ಅಂದಿದ್ದೆ. ಅಡುಗೆಮನೆಯಲ್ಲಿ ಬಿಡುವು ಯಾವಾಗ ಇರುತ್ತದೆ? ಆ ಕೆಲಸ ಆಸಕ್ತಿಯಿದ್ದ ಒಬ್ಬ ಹುಡುಗನ ತಲೆಗೆ ಬಿತ್ತು. ಅವನು ಹದಿನೈದು ದಿನ ರಜೆ ಹೋದ. ವಾಪಸ್ ಬರುವಷ್ಟರಲ್ಲಿ ಎರಡು ಪೆಟ್ಟಿಗೆ ಮತ್ತೆ ಕಪ್ಪು ನೀರು ಬಿಡುತ್ತಿದ್ದವು. ಈಗ ನಾಲ್ವರು ಪಾಳಿಯಲ್ಲಿ ಮಾಡುತ್ತಾರೆ, ಕೆಲಸದ ಹೊತ್ತಿನಲ್ಲೇ. ತಕ್ಕಡಿಯ ಪಕ್ಕದ ಕಪ್ಪು ಹಲಗೆಯಲ್ಲಿ ಬರೆಯುವುದು ಮೂರೇ ಅಂಕಿ: ನಿನ್ನೆಯ ಕಸದ ತೂಕ, ಗುಡ್ಡೆಯ ಬಿಸಿ, ಒಣ ಎಲೆಯ ಗೂಡು ಎಷ್ಟು ತುಂಬಿದೆ.

ಹೋದ ವಾರ ಹಲಗೆಯ ಮೂಲೆಯಲ್ಲಿ ನಾಲ್ಕನೇ ಅಂಕಿ ಕಂಡಿತು. ಅಕ್ಕನ ಅಕ್ಷರ. ಈ ಸಲದ ಜರಡಿಯಲ್ಲಿ ಸಿಕ್ಕ ಚಮಚ, 1. ಕೆಳಗೆ ಆವರಣದಲ್ಲಿ, "ಅದು ನಿಮ್ಮ ಕಾಫಿ ಚಮಚ ಸಾರ್."